ಮೊದಲು ಟೈರ್, ಆಮೇಲೆ ರಿಮ್: ಸ್ವಿಫ್ಟ್‌ನಂಥ ಕಾರಿಗೆ ಚಕ್ರದ ಅಳತೆ ಆರಿಸುವ ಬಗೆ

ಶನಿವಾರ ಸಂಜೆಯಾಯಿತೆಂದರೆ ಚಿಕ್ಕಬಳ್ಳಾಪುರದ ನಮ್ಮ ಅಂಗಡಿಗೆ ಹುಡುಗರ ಕಾರುಗಳು ಬರತೊಡಗುತ್ತವೆ. ಭಾನುವಾರ ಬೆಳಕು ಹರಿಯುವ ಮುನ್ನ ನಂದಿ ಬೆಟ್ಟದ ಬುಡದಲ್ಲಿರಬೇಕು, ಅಷ್ಟರೊಳಗೆ ಕಾರಿಗೊಂದು ಹೊಸ ಕಳೆ ಬರಬೇಕು. ಹದಿನೆಂಟು ವರ್ಷಗಳಿಂದ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಕೆಲಸ ಮಾಡುತ್ತಿದ್ದೇನೆ. ಅವರ ಮೊದಲ ಮಾತು ಏನಿರುತ್ತದೆ ಎಂದು ನನಗೆ ಗೊತ್ತು: “ಅಣ್ಣಾ, ಇದಕ್ಕೆ ಹದಿನೇಳು ಇಂಚು ಕೂರುತ್ತದೆಯೇ?”

ಕೂರುತ್ತದೆ. ಕೂರಿಸಿದ ಮೇಲೆ ಕಾರು ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ, ರಾತ್ರಿ ಹೊತ್ತು ಹಳ್ಳಿ ರಸ್ತೆಯ ಗುಂಡಿಗೆ ಇಳಿದಾಗ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಅಂಗಡಿಯ ಸ್ಟೂಲಿನ ಮೇಲೆ ಗಿರಾಕಿಯನ್ನು ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಸ್ವಿಫ್ಟ್ ತೆಗೆದುಕೊಂಡಿದ್ದೇನೆ, ನಮ್ಮ ಕಡೆ ಹೆಚ್ಚಾಗಿ ಓಡುವುದು ಅದೇ. ಲೆಕ್ಕ ಮಾತ್ರ ಎಲ್ಲ ಕಾರಿಗೂ ಒಂದೇ.

ಟೈರಿನ ಪಕ್ಕೆಯ ಮೇಲೆ 185/65 ಆರ್15 ಎಂದು ಬರೆದಿದೆ ಎಂದುಕೊಳ್ಳಿ. 185 ಎಂಬುದು ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಕೊನೆಯ 15 ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ 65ರಲ್ಲಿ ಬಹಳ ಜನ ಎಡವುತ್ತಾರೆ. ಅದು ಮಿಲಿಮೀಟರ್ ಅಲ್ಲ, ಪಕ್ಕೆಯ ಎತ್ತರವು ಅಗಲದ ಶೇ 65ರಷ್ಟಿದೆ ಎಂದು ಅದರ ಅರ್ಥ. ಹಾಗಾಗಿ 185/65 ಇದ್ದ ಜಾಗಕ್ಕೆ 195/65 ಹಾಕಿದರೆ ಟೈರ್ ಅಗಲವಾಗುವುದಷ್ಟೇ ಅಲ್ಲ, ಎತ್ತರವೂ ಆಗುತ್ತದೆ.

ಈಗ ಇಡೀ ಚಕ್ರದ ವ್ಯಾಸ ಕಂಡುಹಿಡಿಯೋಣ. ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಅದಕ್ಕೆ ಪಕ್ಕೆಯ ಎತ್ತರವನ್ನು ಎರಡು ಸಲ ಕೂಡಿಸಿ. ಪಕ್ಕೆ ಮೇಲೊಂದು ಕೆಳಗೊಂದು ಇರುತ್ತದಲ್ಲ, ಅದಕ್ಕೆ ಎರಡು ಸಲ. 185/65 ಆರ್15 ಟೈರಿಗೆ 381 ಮತ್ತು 240.5 ಸೇರಿ 621.5 ಮಿಲಿಮೀಟರ್. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಸ್ಪೀಡೋಮೀಟರ್, ಎಬಿಎಸ್, ಗೇರ್ ಎಲ್ಲವೂ ಈ ವ್ಯಾಸವನ್ನು ನಂಬಿಕೊಂಡೇ ಕೆಲಸ ಮಾಡುತ್ತವೆ. ರಿಮ್ ದೊಡ್ಡದಾದಷ್ಟೂ ಪಕ್ಕೆ ಗಿಡ್ಡವಾಗಿ, ಒಟ್ಟು ವ್ಯಾಸ ಇದ್ದಲ್ಲೇ ಇರಬೇಕು. ಶೇ 2ರೊಳಗಿನ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ, ಶೇ 3 ದಾಟಿದರೆ ಆ ಟೈರನ್ನು ಅಂಗಡಿಯ ಅಟ್ಟದಿಂದ ಕೆಳಗಿಳಿಸುವುದೇ ಇಲ್ಲ.

ಲೆಕ್ಕ ಹಾಕಿ ನೋಡಿ. 195/55 ಆರ್16 ಹಾಕಿದರೆ 620.9, ಹೆಚ್ಚುಕಡಿಮೆ ಅದೇ. 195/60 ಆರ್15 ಹಾಕಿದರೆ 615. 205/45 ಆರ್17 ಹಾಕಿದರೆ 616.3. ಈ ಮೂರೂ ಲೆಕ್ಕದಲ್ಲಿ ಪಾಸಾಗುತ್ತವೆ. ಆದರೆ ಯಾವುದೋ ಕಾರಿನಿಂದ ಬಿಚ್ಚಿದ 195/50 ಆರ್16 ಅಗ್ಗವಾಗಿ ಸಿಕ್ಕಿತೆಂದು ತಂದರೆ ವ್ಯಾಸ 601.4ಕ್ಕೆ ಇಳಿಯುತ್ತದೆ. ಮೀಟರ್ 100 ತೋರಿಸುವಾಗ ಕಾರು ಮೊದಲಿಗಿಂತ ಶೇ 3ಕ್ಕೂ ಹೆಚ್ಚು ನಿಧಾನವಾಗಿ ಓಡುತ್ತಿರುತ್ತದೆ, ಕಾರಿನ ಹೊಟ್ಟೆ ನೆಲಕ್ಕೆ 10 ಮಿಲಿಮೀಟರ್ ಹತ್ತಿರವಾಗಿರುತ್ತದೆ. ಸ್ವಿಫ್ಟ್‌ಗೆ ನೆಲದಿಂದ ಇರುವ ಅಂತರವೇ 163 ಮಿಲಿಮೀಟರ್. ನಮ್ಮೂರುಗಳ ರಸ್ತೆ ಉಬ್ಬುಗಳನ್ನು ಕಂಡವರಿಗೆ ಆ 10 ಮಿಲಿಮೀಟರ್ ಎಷ್ಟು ದೊಡ್ಡದೆಂದು ಗೊತ್ತು.

ವ್ಯಾಸ ಸರಿಹೋದ ಮೂರರಲ್ಲಿ ಯಾವುದನ್ನು ಆರಿಸುವುದು? ಪಕ್ಕೆಯ ಎತ್ತರ ನೋಡಿ. 185/65ಕ್ಕೆ ಪಕ್ಕೆ 120 ಮಿಲಿಮೀಟರ್. 195/60ಕ್ಕೆ 117, 195/55ಕ್ಕೆ 107. 205/45ಕ್ಕೆ ಬಂದರೆ 92. ಗಿಡ್ಡ ಪಕ್ಕೆ ತಿರುವಿನಲ್ಲಿ ಕಡಿಮೆ ಬಾಗುತ್ತದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರಿನ ಮೂಗು ತಿರುಗುತ್ತದೆ. ಬೆಟ್ಟದ ತಿರುವುಗಳಲ್ಲಿ ಆ ಚುರುಕು ನಿಜವಾದ ಸಂತೋಷ ಕೊಡುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಂಡಿಯ ಅಂಚು ಬಡಿದಾಗ ರಿಮ್ಮನ್ನು ಕಾಯುವುದೂ ಅದೇ ಪಕ್ಕೆ. 28 ಮಿಲಿಮೀಟರ್ ಕಳೆದುಕೊಂಡರೆ ಆ ಕಾವಲಿನಲ್ಲಿ ಸುಮಾರು ಕಾಲು ಭಾಗ ಹೋದಂತೆ.

ಗೌರಿಬಿದನೂರು ಕಡೆಯ ಹುಡುಗನೊಬ್ಬ 205/45 ಆರ್17 ಹಾಕಿಸಿಕೊಂಡು ಮೂರನೆಯ ವಾರಕ್ಕೆ ನನ್ನ ಬಳಿ ಬಂದ. ಸ್ಟೀರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿಕೊಡಿ ಎಂದ. ಮುಂದಿನ ಎಡ ಚಕ್ರವನ್ನು ಬಿಚ್ಚಿ ಯಂತ್ರಕ್ಕೆ ಏರಿಸಿ ತಿರುಗಿಸಿದೆ. ರಿಮ್ಮಿನ ಒಳ ಅಂಚು ಒಂದು ಸುತ್ತಿಗೆ ಒಮ್ಮೆ ಒಳಕ್ಕೆ ಕುಣಿಯುತ್ತಿತ್ತು. ಚಕ್ರ ನಿಂತ ಮೇಲೆ ಪಕ್ಕೆಯ ಮೇಲೆ ಕೈಯಾಡಿಸಿದೆ. ಒಳಬದಿಯಲ್ಲಿ, ಹೊರಗಿನಿಂದ ನಿಂತವರ ಕಣ್ಣಿಗೆ ಬೀಳದ ಜಾಗದಲ್ಲಿ, ನಿಂಬೆಹಣ್ಣಿನ ಹೋಳಿನಷ್ಟು ಉಬ್ಬು. ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಅಂದರೆ ಪಕ್ಕೆಯೊಳಗಿನ ದಾರದ ಪದರ ಹರಿದು, ಬರಿಯ ರಬ್ಬರಿನ ತೆಳುಪದರ ಗಾಳಿಯನ್ನು ತಡೆದು ನಿಂತಿದೆ. ಇದಕ್ಕೆ ತೇಪೆ ಇಲ್ಲ. ಅದೇ ಕಾರಿನಲ್ಲಿ ಅವನ ತಂಗಿ ಹಿಂದೆ ಕೂತು ಕಾಲೇಜಿಗೆ ಹೋಗುತ್ತಿದ್ದಳು. ಆ ಟೈರನ್ನು ಮತ್ತೆ ಕಾರಿಗೆ ಹಾಕಿಕೊಡುವುದಿಲ್ಲ ಎಂದೆ. ಮನೆಯಲ್ಲಿದ್ದ ಹಳೆಯ 15 ಇಂಚಿನ ರಿಮ್ಮುಗಳನ್ನು ತರಿಸಿ, ಅವಕ್ಕೆ 195/60 ಅಳತೆಯ ಒಳ್ಳೆಯ ಟೈರ್ ಹಾಕಿಸಿಕೊಂಡು ಹೋದ.

ಕಣ್ಣಿಗೆ ಕಾಣದ ಇನ್ನೊಂದು ನಷ್ಟ ತೂಕದಲ್ಲಿದೆ. ಅಂಗಡಿಯ ಪಕ್ಕದಲ್ಲಿ ಹೂವಿನ ವ್ಯಾಪಾರಿಯೊಬ್ಬರಿದ್ದಾರೆ. ಗುಲಾಬಿ ಮೂಟೆ ತೂಗುವ ಅವರ ತಕ್ಕಡಿಯನ್ನು ಎರವಲು ತಂದು ಒಂದು ದಿನ ಎರಡು ಚಕ್ರಗಳನ್ನು ತೂಗಿದೆ. ಕಂಪನಿಯ 15 ಇಂಚಿನ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್, ಟೈರ್ ಸಮೇತ 14.4 ಕಿಲೋ ಬಂತು. ಬೆಲೆ ಕಡಿಮೆಯ 17 ಇಂಚಿನ ಅಲಾಯ್ ಟೈರ್ ಸಮೇತ 19.2 ಕಿಲೋ. ಒಂದು ಚಕ್ರಕ್ಕೆ ಐದು ಕಿಲೋಗೆ ಹತ್ತಿರ. ಇದು ಡಿಕ್ಕಿಯಲ್ಲಿಟ್ಟ ಐದು ಕಿಲೋ ಅಕ್ಕಿಯ ಹಾಗಲ್ಲ. ಎಂಜಿನ್ ಇದನ್ನು ಹೊರುವುದರ ಜೊತೆಗೆ ತಿರುಗಿಸಬೇಕು, ಬ್ರೇಕ್ ಇದನ್ನು ನಿಲ್ಲಿಸಬೇಕು, ಸಸ್ಪೆನ್ಷನ್ ಪ್ರತಿ ಗುಂಡಿಯಲ್ಲೂ ಇದನ್ನು ಮೇಲೆ ಕೆಳಗೆ ಆಡಿಸಬೇಕು. 1.2 ಲೀಟರಿನ ಎಂಜಿನ್ ಇರುವ ಕಾರು ಇದರಿಂದ ಸ್ಪೋರ್ಟಿಯಾಗುವುದಿಲ್ಲ, ಮಂದವಾಗುತ್ತದೆ. ರಿಮ್ ಕೊಳ್ಳುವಾಗ ಬಣ್ಣ ಕೇಳುವ ಮೊದಲು ತೂಕ ಕೇಳಿ. ಅಂಗಡಿಯವರು ಹೇಳದಿದ್ದರೆ ತಕ್ಕಡಿ ತರಿಸಿ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಸ್ವಿಫ್ಟ್‌ನಂಥ ಕಾರಿನಲ್ಲಿ ದಿನವೂ ಓಡಾಡುವವರು ಹೆಚ್ಚೆಂದರೆ ಒಂದು ಇಂಚು ಏರಿ. 14 ಇಂಚಿನ 165/80 ಇದ್ದವರು 15ಕ್ಕೆ ಬನ್ನಿ. 15 ಇದ್ದವರು 16ಕ್ಕೆ ಹೋಗಬಹುದು, ಆದರೆ ಹಣ ಎರಡಕ್ಕೂ ಸಾಲದಿದ್ದರೆ ರಿಮ್ ಬಿಟ್ಟು ಟೈರಿಗೆ ಹಾಕಿ. ರಸ್ತೆಯನ್ನು ಹಿಡಿದುಕೊಳ್ಳುವುದು ಟೈರಿನ ರಬ್ಬರ್. ಅಂದದ 17 ಇಂಚಿನ ರಿಮ್ಮಿಗೆ ಕಳಪೆ ಟೈರ್ ಸುತ್ತಿದ ಕಾರಿಗಿಂತ, ಕಂಪನಿಯ ರಿಮ್ಮಿಗೆ ಒಳ್ಳೆಯ ಟೈರ್ ಹಾಕಿದ ಕಾರು ಮಳೆಗಾಲದ ಬೆಟ್ಟದಲ್ಲಿ ಮೊದಲು ನಿಲ್ಲುತ್ತದೆ.

ರಿಮ್ ಕೊಂಡೇ ಕೊಳ್ಳುತ್ತೇನೆ ಎನ್ನುವವರು ಮುಂದಿನದನ್ನು ನಿಧಾನವಾಗಿ ಓದಿ. ರಿಮ್ಮಿನ ಅಗಲವನ್ನು ಜೆ ಎಂಬ ಗುರುತಿನ ಜೊತೆ ಇಂಚಿನಲ್ಲಿ ಬರೆದಿರುತ್ತಾರೆ. 185/65 ಆರ್15 ಟೈರ್ 5ರಿಂದ 6.5 ಜೆವರೆಗೆ ಕೂರುತ್ತದೆ, 195/55 ಆರ್16 ಟೈರಿಗೆ 5.5ರಿಂದ 7 ಜೆ. ಅಗಲದ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವ ಚಾಳಿಯೊಂದು ಬಂದಿದೆ. ಹಾಗೆ ಮಾಡಿದರೆ ರಿಮ್ಮಿನ ಅಂಚು ಟೈರಿಗಿಂತ ಹೊರಗೆ ಚಾಚಿಕೊಂಡು ಮೊದಲ ಕಲ್ಲಿಗೇ ತಾಗುತ್ತದೆ.

ನಟ್ಟುಗಳ ತೂತುಗಳು ಕೂರುವ ವೃತ್ತದ ಅಳತೆಗೆ ಪಿಸಿಡಿ ಎನ್ನುತ್ತೇವೆ. ಸ್ವಿಫ್ಟ್‌ಗೆ ನಾಲ್ಕು ತೂತು, 100 ಮಿಲಿಮೀಟರ್. ಐ20ಗೂ ಅದೇ. ಹಾಗಾಗಿ ಐ20ಯ 16 ಇಂಚಿನ ಹಳೆಯ ಅಲಾಯ್ ಸ್ವಿಫ್ಟ್‌ಗೆ ಹಾಕಿಸುವವರು ಬಹಳ. ಎರಡಕ್ಕೂ ನಡುವಿನ ತೂತು 54.1 ಮಿಲಿಮೀಟರ್ ಆದ್ದರಿಂದ ಹಬ್ ಮೇಲೆ, ಅಂದರೆ ಕಾರಿನಲ್ಲಿ ಚಕ್ರ ಕೂರುವ ನಡುಭಾಗದ ಮೇಲೆ, ಸರಿಯಾಗಿ ಕೂರುತ್ತದೆ. ಆದರೆ ಐ20ಯ ನಟ್ ಹಾಕಬೇಡಿ. ಸ್ವಿಫ್ಟ್‌ನ ಬೋಲ್ಟಿನ ಮರೆ (ಥ್ರೆಡ್), ಗೆರೆಯಿಂದ ಗೆರೆಗೆ 1.25 ಮಿಲಿಮೀಟರಿನದು, ಐ20ಯದು 1.5. ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ, ನಟ್ ಬಿಗಿಸುವ ಗನ್ ಹಿಡಿದು ಒತ್ತಿದರೆ ಬೋಲ್ಟಿನ ಮರೆಯೇ ಕಿತ್ತುಬರುತ್ತದೆ. ಪೋಲೊಗೆ ಐದು ತೂತು, 100 ಮಿಲಿಮೀಟರ್. ನಡುವಿನ ತೂತೂ ಬೇರೆ, 57.1. ಹಾಗಾಗಿ ಅದರ ರಿಮ್ ಸ್ವಿಫ್ಟ್‌ಗೆ ಆಗದು. ಹೊರಗಿನ ಅಲಾಯ್‌ಗಳಲ್ಲಿ ನಡುವಿನ ತೂತನ್ನು ಬೇಕೆಂದೇ ದೊಡ್ಡದಾಗಿ ಇಟ್ಟಿರುತ್ತಾರೆ, ಹಲವು ಕಾರುಗಳಿಗೆ ಮಾರಬಹುದು ಎಂದು. ಆಗ ಹಬ್ ಮತ್ತು ರಿಮ್ಮಿನ ನಡುವೆ ಸರಿಯಾದ ಅಳತೆಯ ಉಂಗುರ ಹಾಕಿಸಿ. ಇಲ್ಲದಿದ್ದರೆ ಚಕ್ರ ನಡುವಿಗೆ ಕೂರದೆ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಆಫ್‌ಸೆಟ್‌ನಲ್ಲಿ. ರಿಮ್ಮಿನ ಹಿಂದೆ ಇಟಿ 45, ಇಟಿ 40 ಎಂದು ಅಚ್ಚಾಗಿರುತ್ತದೆ. ರಿಮ್ಮಿನ ನಡುಗೆರೆಯಿಂದ, ಹಬ್‌ಗೆ ಒತ್ತಿ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬುದು ಆ ಸಂಖ್ಯೆ. ಸಂಖ್ಯೆ ಇಳಿದಷ್ಟೂ ಚಕ್ರ ಹೊರಗೆ ಚಾಚುತ್ತದೆ. 5.5 ಜೆ, ಇಟಿ 45 ರಿಮ್ ತೆಗೆದು 7 ಜೆ, ಇಟಿ 40 ಹಾಕುತ್ತೀರಿ ಎಂದುಕೊಳ್ಳಿ. ಒಂದೂವರೆ ಇಂಚು ಅಗಲವಾಯಿತು, ಅಂದರೆ 38 ಮಿಲಿಮೀಟರ್. ಒಳಗೆ 19, ಹೊರಗೆ 19. ಆಫ್‌ಸೆಟ್ 5 ಇಳಿದಿದ್ದರಿಂದ ಹೊರಗೆ 24, ಒಳಗೆ 14. ಹೊರಗೆ 24 ಬಂದರೆ ಮಡ್‌ಗಾರ್ಡ್‌ನ ಅಂಚು ತಾಗಬಹುದು, ಕೆಸರು ಬಾಗಿಲಿಗೆ ಸಿಡಿಯುತ್ತದೆ, ವೀಲ್ ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ. ಒಳಗೆ 14 ಹೋದರೆ ಸಸ್ಪೆನ್ಷನ್ ಸ್ಟ್ರಟ್‌ಗೆ ಎಷ್ಟು ಜಾಗ ಉಳಿಯಿತು ಎಂದು ಬೆರಳಿಟ್ಟು ನೋಡಬೇಕು.

ತಾಗುತ್ತದೆಯೋ ಇಲ್ಲವೋ ಎಂದು ತಿಳಿಯಲು ನಾನು ಮಾಡುವುದು ಸುಲಭದ ಕೆಲಸ. ಟೈರಿನ ಎರಡೂ ಭುಜಗಳಿಗೆ ಸೀಮೆಸುಣ್ಣ ದಪ್ಪವಾಗಿ ಬಳಿಯುತ್ತೇನೆ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಒಂದು ರಸ್ತೆ ಉಬ್ಬು ಹತ್ತಿಸಿ ಇಳಿಸುತ್ತೇನೆ. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ಕಿಗೆ ಬಿಳಿ ಹತ್ತಿದ್ದರೆ ಆ ಅಳತೆ ಆ ಕಾರಿಗೆ ಬೇಡ. ಚಾಲಕ ಒಬ್ಬನೇ ಕೂತು ನೋಡಿದ ಪರೀಕ್ಷೆಯನ್ನು ನಂಬಬೇಡಿ, ಹಬ್ಬಕ್ಕೆ ಊರಿಗೆ ಹೊರಟಾಗ ಕಾರು ತುಂಬಿರುತ್ತದೆ.

ಅಳತೆಯ ಪಕ್ಕದಲ್ಲೇ 88 ಎಚ್ ಎಂಬಂಥ ಗುರುತಿರುತ್ತದೆ. 88 ಎಂದರೆ ಒಂದು ಟೈರ್ 560 ಕಿಲೋ ಹೊರಬಲ್ಲದು, 87 ಎಂದರೆ 545, 84 ಎಂದರೆ 500, 91 ಎಂದರೆ 615. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗಿನ ವೇಗ, ವಿ ಎಂದರೆ 240. ಹಳೆಯ ಟೈರಿನಲ್ಲಿದ್ದ ಭಾರದ ಸಂಖ್ಯೆಗಿಂತ ಕೆಳಗೆ ಇಳಿಯಬೇಡಿ. 195/60 ಆರ್15 ಟೈರಿನಲ್ಲಿ 88 ಸಿಗುತ್ತದೆ. 195/55 ಆರ್16 ಸಾಮಾನ್ಯವಾಗಿ 87, ಒಂದು ಮೆಟ್ಟಿಲು ಕಡಿಮೆ. 91 ಎಕ್ಸ್‌ಎಲ್ ಎಂದು ಕೇಳಿ ತನ್ನಿ, ಎಕ್ಸ್‌ಎಲ್ ಎಂದರೆ ಅದೇ ಅಳತೆಯಲ್ಲಿ ಹೆಚ್ಚು ಭಾರ ಹೊರುವ ಟೈರ್. ಎಕ್ಸ್‌ಎಲ್ ಟೈರ್ ತನ್ನ ಪೂರ್ತಿ ಭಾರ ಹೊರಲು 42 ಪಿಎಸ್‌ಐ ಗಾಳಿ ಬೇಡುತ್ತದೆ, ಸಾದಾ ಟೈರಿಗೆ ಆ ಲೆಕ್ಕ 36. ಆದ್ದರಿಂದ ಎಕ್ಸ್‌ಎಲ್ ಹಾಕಿದವರು ಬಾಗಿಲ ಬಳಿಯ ಸ್ಟಿಕರಿನಲ್ಲಿರುವುದಕ್ಕಿಂತ ಒಂದೆರಡು ಪಿಎಸ್‌ಐ ಹೆಚ್ಚು ಇಡಿ, ಅದೂ ಟೈರ್ ತಣ್ಣಗಿರುವಾಗ ಅಳೆದು.

ಹೊಸ ಟೈರ್ ಎಂದು ಕೊಟ್ಟದ್ದು ನಿಜಕ್ಕೂ ಹೊಸದೇ ಎಂದು ನೋಡಲು ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಹುಡುಕಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಐಎಸ್‌ಐ ಗುರುತೂ ಇರಲಿ. ರಿಮ್ಮಿನ ಹಿಂದೆ ಅದು ಹೊರುವ ಗರಿಷ್ಠ ಭಾರ ಅಚ್ಚಾಗಿರಬೇಕು. ಏನೂ ಬರೆಯದ ರಿಮ್ ಎಷ್ಟೇ ಚೆಂದವಿದ್ದರೂ ಬಿಟ್ಟು ಬನ್ನಿ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ನಿಮ್ಮ ಕಾರಿನದೇ ಮೇಲಿನ ಮಾದರಿಗೆ ಕಂಪನಿ ಕೊಡುವ ಅಳತೆ ಎಲ್ಲಕ್ಕಿಂತ ನೆಮ್ಮದಿಯದು, ಕಾರಿನ ಕೈಪಿಡಿಯಲ್ಲಿ ಅದು ಇರುತ್ತದೆ. ಬೇರೆ ರಿಮ್ ಹಾಕಿಸಿದರೆ ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಳ್ಳಿ.

ಹಾಕಿಸಿದ ದಿನ ನಟ್ಟುಗಳನ್ನು ಕೈಪಿಡಿಯಲ್ಲಿರುವ ಟಾರ್ಕ್‌ಗೆ, ಅಂದರೆ ಬಿಗಿತದ ಅಳತೆಗೆ, ಎದುರುಬದುರಾಗಿ ಬಿಗಿಸಬೇಕು. ಗನ್ನಿನ ಸದ್ದನ್ನು ನಂಬಬೇಡಿ. ಅಲೈನ್‌ಮೆಂಟ್ ಅಂದೇ ಮಾಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಂದು ನಟ್ ನೋಡಿಸಿ, ಹೊಸ ಅಲಾಯ್ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುವುದುಂಟು.

ಇನ್ನು ಸ್ಟೆಪ್ನಿ. ಅದು ಹಳೆಯ ಅಳತೆಯ ಕಬ್ಬಿಣದ ರಿಮ್ಮಿನಲ್ಲೇ ಉಳಿದಿರುತ್ತದೆ. ವ್ಯಾಸದ ಚೀಟಿಯನ್ನು ನೀವು ಪಾಲಿಸಿದ್ದರೆ ಪಂಕ್ಚರ್ ಅಂಗಡಿಯವರೆಗೆ ಅದು ತೊಂದರೆಯಿಲ್ಲದೆ ಒಯ್ಯುತ್ತದೆ. ಆದರೆ ಹೊಸ ಅಲಾಯ್ ಜೊತೆ ಬಂದ ನಟ್ಟುಗಳು ಕಬ್ಬಿಣದ ರಿಮ್ಮಿನ ತೂತಿಗೆ ಸರಿಯಾಗಿ ಕೂರದೆ ಹೋಗಬಹುದು. ಕಂಪನಿಯ ಹಳೆಯ ನಟ್ಟುಗಳಲ್ಲಿ ನಾಲ್ಕನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಜಾಕ್ ಪಕ್ಕದಲ್ಲೇ ಇಡಿ.