ಕೇಂಬ್ರಿಯನ್ ‘ಸ್ಫೋಟ’ವನ್ನು ಒಂದು ಮೀಟರ್ ಕಾಗದದಲ್ಲಿ ಅಳೆಯುವುದು ಹೇಗೆ

ಸುಮಾರು 54 ಕೋಟಿ ವರ್ಷಗಳ ಹಿಂದೆ ಶುರುವಾದ ಕೇಂಬ್ರಿಯನ್ ಎಂಬ ಕಾಲಘಟ್ಟದಲ್ಲಿ ಪ್ರಾಣಿಗಳ ಗುಂಪುಗಳು ಒಮ್ಮೆಲೇ ಕಾಣಿಸಿಕೊಂಡವು ಅನ್ನುತ್ತಾರೆ; ಇದಕ್ಕೇ ಕೇಂಬ್ರಿಯನ್ ‘ಸ್ಫೋಟ’ ಎಂದು ಹೆಸರು. ಆ ಮಾತನ್ನು ಒಪ್ಪುವ ಮೊದಲು ಅಳೆದು ನೋಡಿ. ಒಂದು ಮೀಟರ್ ಉದ್ದದ ಕಾಗದದ ಪಟ್ಟಿ, ಸ್ಕೇಲು, ಪೆನ್ಸಿಲ್ಲು, ಮೂರು ಬಣ್ಣದ ಪೆನ್ನು ಇದ್ದರೆ ಸಾಕು.

ಎಡತುದಿ 60 ಕೋಟಿ ವರ್ಷಗಳ ಹಿಂದೆ, ಬಲತುದಿ 50 ಕೋಟಿ. ಒಂದು ಸೆಂಟಿಮೀಟರಿಗೆ ಹತ್ತು ಲಕ್ಷ ವರ್ಷ. ಭೂಮಿಯ 460 ಕೋಟಿ ವರ್ಷವನ್ನೆಲ್ಲ ಇದೇ ಪಟ್ಟಿಯಲ್ಲಿ ತುರುಕಬೇಡಿ. ಹಾಗೆ ಮಾಡಿದರೆ ಇಡೀ ‘ಸ್ಫೋಟ’ ಐದು ಮಿಲಿಮೀಟರಿನೊಳಗೆ ಅಡಗುತ್ತದೆ. ‘ಹಠಾತ್’ ಅನ್ನಿಸುವುದಕ್ಕೆ ಅರ್ಧ ಕಾರಣ ಅದೇ.

ಮೃದುದೇಹಗಳಿಗೆ ಕೆಂಪು, ಚಿಪ್ಪಿಗೆ ಹಸಿರು, ಹರಿದಾಡಿದ ಜಾಡಿಗೆ ನೀಲಿ. ಕೇಂಬ್ರಿಯನ್‌ಗೆ ಮೊದಲಿನ ಎಡಿಯಾಕರನ್ ಕಾಲದ ಮೃದುದೇಹದ ಜೀವಿಗಳ ಮೊದಲ ಗುರುತುಗಳನ್ನು 26 ಸೆಂ.ಮೀ. ಹತ್ತಿರ ಕೆಂಪಿನಲ್ಲಿ ಹಾಕಿ. ರಷ್ಯಾದ ಶ್ವೇತ ಸಮುದ್ರ ತೀರದಲ್ಲಿ ಸಿಕ್ಕ ಕಿಂಬೆರೆಲ್ಲಾ ಎಂಬ ಮೃದುದೇಹದ ಪ್ರಾಣಿ 45ಕ್ಕೆ. ಸುಣ್ಣದ ಕೊಳವೆ ಕಟ್ಟಿದ ಕ್ಲೌಡಿನಾ ಎಂಬ ಜೀವಿ ಸುಮಾರು 50ಕ್ಕೆ, ಹಸಿರಿನಲ್ಲಿ. ಕೇಂಬ್ರಿಯನ್ ಶುರುವಾಗುವುದು 61.2ಕ್ಕೆ, ಅಂದರೆ 53.88 ಕೋಟಿ ವರ್ಷಗಳ ಹಿಂದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಫಾರ್ಚೂನ್ ಹೆಡ್‌ನಲ್ಲಿ ಈ ಗಡಿಯನ್ನು ಗುರುತಿಸಿದ್ದು ದೇಹದಿಂದಲ್ಲ, ಟ್ರೆಪ್ಟಿಕ್ನಸ್ ಪೆಡಮ್ ಎಂಬ ಬಿಲದ ಜಾಡಿನಿಂದ, ಹಾಗಾಗಿ ನೀಲಿ. ಗಟ್ಟಿ ಚಿಪ್ಪಿನ, ಹಲವು ಕಾಲುಗಳ ಕಡಲಪ್ರಾಣಿ ಟ್ರೈಲೋಬೈಟ್ 79ಕ್ಕೆ, ಪಳೆಯುಳಿಕೆ ತಾಣಗಳಾದ ಚೀನಾದ ಚೆಂಗ್‌ಜಿಯಾಂಗ್ 82ಕ್ಕೆ, ಕೆನಡಾದ ಬರ್ಜೆಸ್ ಶೇಲ್ 92ಕ್ಕೆ.

ಗಡಿಯಿಂದ ಚೆಂಗ್‌ಜಿಯಾಂಗ್‌ವರೆಗೆ ಸ್ಕೇಲು ಇಡಿ: ಸುಮಾರು 21 ಸೆಂ.ಮೀ., ಎರಡು ಕೋಟಿ ವರ್ಷಕ್ಕೂ ಹೆಚ್ಚು.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಚೆಂಗ್‌ಜಿಯಾಂಗ್, ಬರ್ಜೆಸ್ ಎರಡೂ ಮೃದು ಅಂಗಗಳು ಉಳಿದ ಅಪರೂಪದ ತಾಣಗಳು. ಅಲ್ಲಿ ಮೊದಲು ಸಿಕ್ಕ ಗುಂಪು ಹುಟ್ಟಿದ್ದೂ ಆಗಲೇ ಎಂದು ಬರೆದರೆ ತಪ್ಪು. ಪಳೆಯುಳಿಕೆ ಸಿಕ್ಕ ಬಿಂದುವಿನಿಂದ ಬಲಕ್ಕೆ ಗಟ್ಟಿ ಗೆರೆ, ಎಡಕ್ಕೆ, ಆ ಗುಂಪು ಇನ್ನೂ ಮೊದಲೇ ಇದ್ದಿರಬಹುದು ಎಂದು ತೋರಿಸಲು, ಚುಕ್ಕಿ ಗೆರೆ ಎಳೆಯಿರಿ. ಇದು ಬರೀ ಊಹೆಯಲ್ಲ. ಟ್ರೈಲೋಬೈಟಿನಂಥ ಕಾಲುಳ್ಳ ಜೀವಿಗಳು ಕೆಸರು ಕೆರೆದ, ರುಸೊಫೈಕಸ್ ಎಂದು ಹೆಸರಿಟ್ಟ ಜಾಡುಗಳು ಟ್ರೈಲೋಬೈಟ್ ಚಿಪ್ಪಿಗಿಂತ ಕೆಳಗಿನ ಪದರಗಳಲ್ಲೇ ಸಿಗುತ್ತವೆ. ಈ ಪಟ್ಟಿಯಲ್ಲಿ ನೀಲಿ ಗುರುತನ್ನೇ ಹೆಚ್ಚು ನಂಬಬೇಕು: ಚಿಪ್ಪಿಲ್ಲದ ಪ್ರಾಣಿಯೂ ಜಾಡು ಬಿಡುತ್ತದೆ. ಹಾಗೆಂದು ‘ಸ್ಫೋಟ’ವೇ ಸುಳ್ಳು ಅನ್ನಬೇಡಿ. 61 ಸೆಂ.ಮೀ. ನಂತರ ಜಾಡುಗಳ ಬಗೆಯೂ ಅವು ಇಳಿಯುವ ಆಳವೂ ನಿಜಕ್ಕೂ ಹೆಚ್ಚುತ್ತವೆ.

ಗುರುತುಗಳನ್ನೆಲ್ಲ ಮೊದಲು ಪೆನ್ಸಿಲ್ಲಿನಲ್ಲೇ ಹಾಕಿ. ಹಳೆಯ ಕೋಷ್ಟಕಗಳಲ್ಲಿ ಕೇಂಬ್ರಿಯನ್ ಗಡಿ 54.1 ಕೋಟಿ; ಅದನ್ನು ಹೊಸ ಅಂಕಿಗಳ ಜೊತೆ ಬೆರೆಸಿದರೆ ಗಡಿ ಎರಡು ಸೆಂ.ಮೀ.ಗಿಂತ ಹೆಚ್ಚು ಎಡಕ್ಕೆ ಸರಿಯುತ್ತದೆ.