ಪಯಸ್ವಿನಿಯ ಹೊಯ್ಗೆಯಲ್ಲಿ ಕ್ರಿಕೆಟ್ಟೂ ಇರಲಿ, ಆಮೆಯೂ ಇರಲಿ

ಜನವರಿ ಬಂತು ಅಂದರೆ ನಮ್ಮ ಪಯಸ್ವಿನಿ ಸೊರಗುತ್ತದೆ, ಹೊಯ್ಗೆ, ಅಂದರೆ ಮರಳು, ಮೇಲೆದ್ದು ಕಾಣುತ್ತದೆ. ಕೊಡಗಿನ ಘಟ್ಟದಲ್ಲಿ ಹುಟ್ಟಿ, ಸುಳ್ಯ, ಜಾಲ್ಸೂರು ದಾಟಿ ಆದೂರಿನ ಕಡೆ ಇಳಿಯುವ ಹೊಳೆ ಇದು. ಕೆಳಗೆ ಹೋದ ಹಾಗೆ ಚಂದ್ರಗಿರಿಯಾಗಿ ಕಾಸರಗೋಡಿನ ಪಕ್ಕ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಅಡಿಕೆ ತೋಟದ ಬುಡದವರೆಗೂ ಬರುವ ನೀರು ಬೇಸಿಗೆಯಲ್ಲಿ ಒಂದು ಬದಿಗೆ ಸರಿದಾಗ ತಿರುವುಗಳಲ್ಲಿ ಹೊಯ್ಗೆಯ ದಿಣ್ಣೆ ಉಳಿಯುತ್ತದೆ. ನಮ್ಮ ಕ್ಲಬ್ಬಿನ ಹುಡುಗರಿಗೆ ಕ್ರಿಕೆಟ್ಟಿಗೂ ಅದೇ, ಈಜಿಗೂ ಅದೇ, ಭಾನುವಾರದ ಊಟಕ್ಕೂ ಅದೇ ಜಾಗ. ಈಗ ಇನ್‌ಸ್ಟಾಗ್ರಾಂ ನೋಡಿಕೊಂಡು ದೂರದಿಂದ ಬರುವವರೂ ಜಾಸ್ತಿ.

ಇಂಥ ದಿಣ್ಣೆ ಈಗ ಎಲ್ಲಾ ಕಡೆ ಇಲ್ಲ. ಹೊಯ್ಗೆ ತೆಗೆದೂ ತೆಗೆದೂ ಎಷ್ಟೋ ಕಡೆ ಬರೀ ಕಲ್ಲು, ಕೆಸರು, ಕಾಲಿಟ್ಟರೆ ಮುಳುಗುವ ಗುಂಡಿ. ಹಾಗಾಗಿ ಜನ ಬರುವುದೂ ಉಳಿದ ನಾಲ್ಕಾರು ಜಾಗಕ್ಕೆ, ಆಮೆ ಮೊಟ್ಟೆ ಇಡಲು ಹತ್ತುವುದೂ ಅಲ್ಲಿಗೇ.

ಆಮೆ ಅಂದರೆ ಬಾವಿಯಲ್ಲಿ ಬಿಡುವ ಸಣ್ಣ ಆಮೆ ಅಲ್ಲ. ಇದು ಕ್ಯಾಂಟರ್ಸ್ ಜೈಂಟ್ ಸಾಫ್ಟ್‌ಶೆಲ್, ಮಲಯಾಳದಲ್ಲಿ ಪಾಲಪೂವನ್ ಅಂತಾರೆ. ಹತ್ತಿರ ಹತ್ತಿರ ಒಂದು ಮೀಟರ್ ಬೆಳೆಯುತ್ತದೆ. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ಚರ್ಮದಂಥ ಮೆತ್ತನೆ ಹೊದಿಕೆ. ತಲೆ ಅಗಲ, ಮೂತಿ ಮೋಟು, ಅದರ ತುದಿಯಲ್ಲೇ ಎರಡು ಸಣ್ಣ ಕಣ್ಣು. ನೀರಿನ ತಳದ ಹೊಯ್ಗೆಯಲ್ಲಿ ಹುದುಗಿ, ಮೂತಿ ಮಾತ್ರ ಹೊರಗಿಟ್ಟು ದಿನವಿಡೀ ಸುಮ್ನೆ ಬಿದ್ದಿರುತ್ತದೆ, ಉಸಿರಾಡಲು ಮೇಲೆ ಬರುವುದು ದಿನಕ್ಕೆ ಒಂದೆರಡು ಸಲ. ಅದಕ್ಕೇ ಹೊಳೆಯಲ್ಲೇ ಬೆಳೆದವರೂ ಇದನ್ನು ಕಂಡಿರುವುದಿಲ್ಲ. ಅಳಿವಿನ ಅಂಚಿಗೆ ಬಂದ ಜಾತಿ ಅಂತ ಜಗತ್ತಿನ ಪಟ್ಟಿಯಲ್ಲಿದೆ. ನಮ್ಮ ಕಾಸರಗೋಡು ಜಿಲ್ಲೆಯವರು ಜಿಲ್ಲೆಯ ಜೀವಿ ಅಂತ ಆರಿಸಿಕೊಂಡದ್ದೂ ಇದನ್ನೇ. ಚಂದ್ರಗಿರಿಯಲ್ಲಿ ಇದು ಮೊಟ್ಟೆ ಇಟ್ಟು ಮರಿ ಮಾಡುತ್ತಿದೆ ಅಂತ ಆಯುಷಿ ಜೈನ್ ಮತ್ತು ಜೊತೆಗಾರರ ಅಧ್ಯಯನ 2024ರಲ್ಲಿ ಓರಿಕ್ಸ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಅವರಿಗೆ ದಾರಿ ತೋರಿಸಿದ್ದು ಹೊಳೆಬದಿಯ ಜನರೇ, ಊರವರನ್ನು ಕೇಳಿ ಕೇಳಿಯೇ ಜಾಗ ಪತ್ತೆ ಮಾಡಿದ್ದು. ನನಗೆ ಆ ಅಧ್ಯಯನದಲ್ಲಿ ಹಿಡಿಸಿದ್ದು ಇದು.

ಮೊಟ್ಟೆ ಇಡುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಲಿಂಬೆಗಿಂತ ಸ್ವಲ್ಪ ಸಣ್ಣ, ದುಂಡನೆ ಮೊಟ್ಟೆ, ಒಂದು ಗೂಡಿನಲ್ಲಿ ಇಪ್ಪತ್ತು ಚಿಲ್ಲರೆ. ಪರೀಕ್ಷೆ ಮುಗಿದು, ಸೆಕೆ ಏರಿ, ಜನ ಹೊಳೆಗೆ ಮುಗಿಬೀಳುವುದೂ ಅದೇ ಹೊತ್ತಿಗೆ.

ಹೊಳೆಗೆ ಯಾರೂ ಬರಬೇಡಿ ಅಂತ ಬೋರ್ಡ್ ಹಾಕಿಸುವ ಮಾತು ಮೊದಲು ಬಂದಿತ್ತು. ನಾನು ಬೇಡ ಅಂದೆ. ಹೊಳೆಬದಿಗೆ ಹಗಲು ನಾಲ್ಕು ಜನ ಬರದಿದ್ದರೆ ರಾತ್ರಿ ಹೊಯ್ಗೆ ಕದಿಯಲು ಟಿಪ್ಪರ್ ಬರುತ್ತದೆ, ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿಯುವವರು ಬರುತ್ತಾರೆ. ಆಡುವವರು ಇರಬೇಕು, ಎಲ್ಲಿ ಆಡಬೇಕು ಅಂತ ಗೊತ್ತಿದ್ದರೆ ಸಾಕು.

ನಮ್ಮ ನಿಯಮ ಒಂದೇ ಸಾಲಿನದು: ನೀರಿನ ಅಂಚಿನ ಒದ್ದೆ ಹೊಯ್ಗೆ ನಮಗೆ, ಮೇಲಿನ ಒಣ ಹೊಯ್ಗೆ ಆಮೆಗೆ. ಆಮೆ ಮೊಟ್ಟೆ ಹೂಳುವುದು ನೀರು ಮುಟ್ಟದಷ್ಟು ಮೇಲೆ. ಒದ್ದೆ ಜಾಗದಲ್ಲಿ ಇಟ್ಟರೆ ಮೊಟ್ಟೆ ಕೊಳೆಯುತ್ತದೆ ಅಂತ ಅದಕ್ಕೂ ಗೊತ್ತು. ನಮ್ಮ ಅದೃಷ್ಟಕ್ಕೆ ಕ್ರಿಕೆಟ್ಟಿಗೂ ಒದ್ದೆ ಹೊಯ್ಗೆಯೇ ಒಳ್ಳೆಯದು. ಒಣ ಹೊಯ್ಗೆಯಲ್ಲಿ ಟೆನಿಸ್ ಬಾಲ್ ಬೌನ್ಸ್ ಆಗುವುದೇ ಇಲ್ಲ, ಬಿದ್ದಲ್ಲೇ ಕೂರುತ್ತದೆ. ಪಿಚ್ ಯಾವತ್ತೂ ಕೆಳಗೇ ಇತ್ತು. ತೊಂದರೆ ಇದ್ದದ್ದು ನೋಡಲು ಬಂದವರ ಬೈಕು, ವಾಲಿಬಾಲ್ ನೆಟ್ಟಿನ ಕಂಬ, ಟೆಂಟಿನ ಗೂಟ, ಎಲ್ಲಾ ಮೇಲಿನ ದಿಣ್ಣೆಯಲ್ಲಿ. ಬೈಕಿನ ಚಕ್ರ ಹೊಯ್ಗೆಯನ್ನು ಒತ್ತಿ ಗಟ್ಟಿ ಮಾಡುತ್ತದೆ, ಕಂಬ ಹುಗಿದರೆ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತು?

ವಾಹನಕ್ಕೆ ಮಾಡಿದ್ದು ಸುಲಭದ ಕೆಲಸ. ಕಡವಿಗೆ, ಅಂದರೆ ಹೊಳೆಗೆ ಇಳಿಯುವ ಜಾಗಕ್ಕೆ, ಹೋಗುವ ದಾರಿಯ ಬಾಯಲ್ಲಿ, ಪಂಚಾಯತಿಗೆ ಹೇಳಿ, ಕಗ್ಗಲ್ಲು ತಂದು ಅಡ್ಡ ಇಟ್ಟೆವು. ನಡೆದು ಹೋಗಲು, ದನ ಇಳಿಯಲು ಜಾಗ ಬಿಟ್ಟೆವು. ಜೀಪು ತೊಳೆಯಲು ಬರುವವರು ಒಂದೆರಡು ವಾರ ಗೊಣಗಿದರು, ಆಮೇಲೆ ಸೇತುವೆ ಹತ್ತಿರ ಹೋಗತೊಡಗಿದರು. ಅದೂ ಹೊಳೆಯೇ, ನನಗೆ ಸಮಾಧಾನ ಇಲ್ಲ, ಆದರೆ ಅಲ್ಲಿ ದಿಣ್ಣೆ ಇಲ್ಲ.

ಕಷ್ಟ ಆದದ್ದು ಅಲ್ ಫಹಮ್‌ನಿಂದ! ಮಸಾಲೆ ಹಚ್ಚಿದ ಕೋಳಿ, ಇದ್ದಿಲು, ಗ್ರಿಲ್ ಕಟ್ಟಿಕೊಂಡು ಸಂಜೆ ಬಂದು ಹೊಯ್ಗೆಯಲ್ಲೇ ಬೆಂಕಿ ಹಾಕುತ್ತಾರೆ. ತಿಂದ ಮೇಲೆ ಎಲುಬು ಅಲ್ಲೇ ಹೂಳುತ್ತಾರೆ, ಕೆಂಡದ ಮೇಲೂ ಹೊಯ್ಗೆ ಎಳೆದು ಆಯ್ತು ಅಂದುಕೊಳ್ಳುತ್ತಾರೆ. ಆ ಕೆಂಡ ಆರಿರುವುದಿಲ್ಲ, ಮರುದಿನ ಬರಿಗಾಲಲ್ಲಿ ಓಡುವ ಮಕ್ಕಳಿಗೆ ಅದರ ಬಿಸಿ ತಾಗುತ್ತದೆ. ಎಲುಬಿನ ವಾಸನೆಗೆ ರಾತ್ರಿ ನಾಯಿ, ನರಿ, ಕಾಡುಹಂದಿ ಬರುತ್ತವೆ. ಹಂದಿ ಒಮ್ಮೆ ಮೂತಿ ಹಾಕಿ ಅಗೆಯಲು ಶುರುಮಾಡಿದರೆ ಎಲುಬಿಗೇ ನಿಲ್ಲಿಸುತ್ತದಾ? ಬೆಂಕಿ ಬೇಡ ಅಂತ ಹೇಳಿ ನೋಡಿದೆವು, ಜಗಳಕ್ಕೆ ಬಂದರು. ಕೊನೆಗೆ ಕಡವಿನ ಮೇಲಿನ ಗಟ್ಟಿ ನೆಲದಲ್ಲಿ ಕೆಂಪುಕಲ್ಲಿನ ಎರಡು ಒಲೆ ಕಟ್ಟಿದೆವು, ಪಕ್ಕದಲ್ಲಿ ಮುಚ್ಚಳ ಇರುವ ಡ್ರಮ್ ಇಟ್ಟೆವು. ಕಟ್ಟಿದ ಒಲೆ ಇದ್ದರೆ ಯಾರೂ ಹೊಯ್ಗೆಯಲ್ಲಿ ಕಲ್ಲು ಜೋಡಿಸುವ ಉಸಾಬರಿಗೆ ಹೋಗುವುದಿಲ್ಲ, ಅಲ್ವಾ? ಡ್ರಮ್ ತುಂಬಿದ್ದನ್ನು ಸೋಮವಾರ ಸಾಗಿಸುವವರು ಯಾರು ಅನ್ನುವುದಕ್ಕೆ ಕ್ಲಬ್ಬಿನಲ್ಲಿ ಈಗಲೂ ಮಾತಿಗೆ ಮಾತು ಬೆಳೆಯುತ್ತದೆ.

ಫೆಬ್ರವರಿಯಿಂದ ಮೇ ತನಕ ಕತ್ತಲಾದ ಮೇಲೆ ದಿಣ್ಣೆ ಖಾಲಿ. ಟಾರ್ಚು, ಹಾಡು, ಗಲಾಟೆ ಇದ್ದರೆ ನೀರಿನಿಂದ ಹತ್ತಬೇಕಾದ ಆಮೆ ವಾಪಸ್ ತಿರುಗುತ್ತದೆ. ಬೆಳಿಗ್ಗೆ ಈಜಲು ಮೊದಲು ಹೋಗುವ ಹುಡುಗರು ನೀರಿಗೆ ಹಾರುವ ಮುಂಚೆ ದಿಣ್ಣೆಯ ಅಂಚಿನಲ್ಲಿ ಒಂದು ಸುತ್ತು ಹಾಕುತ್ತಾರೆ. ನಡುವೆ ಹೊಟ್ಟೆ ಎಳೆದ ಗೀರು, ಎರಡೂ ಬದಿಗೆ ಉಗುರು ಕೆರೆದ ಗುರುತು ಕಂಡರೆ ಫೋಟೋ ತೆಗೆದು ಅರಣ್ಯ ಇಲಾಖೆಯವರಿಗೆ ಹೇಳುವುದು, ಅಷ್ಟೇ. ಅಗೆದು ನೋಡುವ ಹಾಗಿಲ್ಲ. ಒಳಗಿನ ಮೊಟ್ಟೆ ತಲೆಕೆಳಗಾದರೂ ಭ್ರೂಣ ಸಾಯಬಹುದು, ತಿಳಿದವರು ಮಾತ್ರ ಕೈ ಹಾಕಬೇಕಾದ ಕೆಲಸ. ಜಾಗದ ಫೋಟೋ ಗ್ರೂಪಿನಲ್ಲಿ ಹಾಕುವುದೂ ಇಲ್ಲ. ಈ ಕಾಲದ ಹುಡುಗರಿಗೆ ಅದೇ ದೊಡ್ಡ ತ್ಯಾಗ.

ಸುತ್ತು ಹಾಕಲು ಶುರುವಾದ ಮೇಲೆ ಬೇರೆಯವೂ ಕಣ್ಣಿಗೆ ಬಿದ್ದವು. ನೀರುನಾಯಿಯ ಹೆಜ್ಜೆ, ಮೀನಿನ ಪರೆ ತುಂಬಿದ ಅದರ ಹಿಕ್ಕೆ. ಒಂದು ಸಲ ಡೀಪ್ ಮಿಡ್‌ವಿಕೆಟ್ ಕಡೆ ಬೌಂಡರಿ ಆಚೆ ಟಿಟ್ಟಿಭದ ಗೂಡು, ಗೂಡು ಅಂದರೆ ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು, ನಡುವೆ ಕಲ್ಲಿನಂಥವೇ ಚುಕ್ಕೆಯ ನಾಲ್ಕು ಮೊಟ್ಟೆ. ಚೆಂಡು ಆ ಕಡೆ ಹೋದರೆ ಎರಡೇ ರನ್, ತರಲು ಒಬ್ಬನೇ ಸುತ್ತು ಬಳಸಿ ಹೋಗಬೇಕು ಅಂತ ಮಾಡಿದೆವು. ಮರಿ ಆಗುವ ತನಕ, ಅಂದರೆ ಸುಮಾರು ನಾಲ್ಕು ವಾರ, ಟೂರ್ನಮೆಂಟ್ ಹಾಗೇ ನಡೆಯಿತು. ಲೆಗ್ ಸೈಡಿಗೆ ಎತ್ತಿ ಹೊಡೆಯುವವರಿಗೆ ಸಿಟ್ಟು, ಬೌಲರುಗಳಿಗೆ ಖುಷಿ.

ಗಾಳ ಹಾಕುವವರದು ಬೇರೆ ಕತೆ. ರಾತ್ರಿ ಗಾಳ ಕಟ್ಟಿಟ್ಟು ಬೆಳಿಗ್ಗೆ ಬರುವ ಅಜ್ಜ ಒಬ್ಬರಿದ್ದಾರೆ. ಒಂದು ದಿನ ನನ್ನ ಮನೆಗೇ ಬಂದು, "ಮಗಾ, ದೊಡ್ಡದು ಒಂದು ಸಿಕ್ಕಿದೆ, ನೀನೇ ಬಾ" ಅಂದರು. ಹೋಗಿ ನೋಡಿದರೆ ಹಸಿರು ಕಂದು ಬಣ್ಣದ ಅಗಲ ಬೆನ್ನು, ಗಾಳದ ದಾರ ಬಾಯಿಯ ಬದಿಯಲ್ಲಿ. ಹತ್ತಿರ ಹೋದ ಕೂಡಲೇ ಕುತ್ತಿಗೆ ಚಿಮ್ಮಿ ಬಂತು, ಅಷ್ಟು ಉದ್ದ ಇದೆ ಅಂತ ಅಂದಾಜೇ ಸಿಗುವುದಿಲ್ಲ, ಕಚ್ಚಿದರೆ ಬೆರಳು ನಮ್ಮದಲ್ಲ. ಎಳೆದಾಡಲಿಲ್ಲ. ದಾರವನ್ನು ಒಂದು ಮೊಳ ಬಿಟ್ಟು ಕತ್ತರಿಸಿ, ಒದ್ದೆ ಗೋಣಿ ಹೊದಿಸಿ, ನೆರಳಲ್ಲಿಟ್ಟು ಕಾದೆವು. ಇಲಾಖೆಯವರು ಬಂದು ಕೊಕ್ಕೆ ತೆಗೆದು ಅಲ್ಲೇ ಬಿಟ್ಟರು. ಹೊಯ್ಗೆಯಿಂದ ನೀರಿಗೆ ಜಾರಿದ್ದು ಕಂಡಿತು, ಮತ್ತೆ ಎಲ್ಲಿ ಹೋಯಿತು ಅಂತ ಕಾಣಲಿಲ್ಲ. ಇದು ವನ್ಯಜೀವಿ ಕಾನೂನಿನಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಷೆಡ್ಯೂಲಿನ ಪ್ರಾಣಿ, ಸಿಕ್ಕಿದ್ದು ಹೇಳಿದರೆ ಕೇಸು ಬೀಳುತ್ತದೆ ಅಂತ ಅಜ್ಜನಿಗೆ ಹೆದರಿಕೆ ಇತ್ತು. ಆ ದಿನ ಯಾರೂ ಅವರನ್ನು ಗದರಿಸದೇ ಇದ್ದದ್ದು ಯಾವ ಬೋರ್ಡಿಗಿಂತಲೂ ಜಾಸ್ತಿ ಕೆಲಸ ಮಾಡಿತು. ಈಗ ಬೇರೆ ಗಾಳದವರೂ ಫೋನ್ ಮಾಡುತ್ತಾರೆ.

ನಮ್ಮ ಕೈಯಲ್ಲಿ ಆಗದೆ ಉಳಿದದ್ದು ಹೊಳೆಗೆ ಅಡ್ಡ ಇರುವ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಲು ಹಾಕುವ ಹಲಗೆ ವಿಷಯ. ತೋಟಕ್ಕೆ ನೀರು ಬೇಕು, ನನ್ನ ಸ್ವಂತ ತೋಟಕ್ಕೂ ಬೇಕು. ಹಲಗೆಯನ್ನು ಡಿಸೆಂಬರಿನಲ್ಲೇ ಪೂರ್ತಿ ಹಾಕಿ ನೀರು ಒಂದು ಮಟ್ಟಕ್ಕೆ ನಿಂತರೆ ಆಮೆ ಅದಕ್ಕಿಂತ ಮೇಲೆ ಜಾಗ ಹುಡುಕಿಕೊಳ್ಳುತ್ತದೆ. ಮಾರ್ಚಿನಲ್ಲಿ ನೀರು ಸಾಲದು ಅಂತ ಇನ್ನೊಂದು ಸಾಲು ಏರಿಸಿದರೆ ಇಟ್ಟ ಮೊಟ್ಟೆ ಎಲ್ಲಾ ಮುಳುಗಿತು. ಕ್ಲಬ್ಬಿನ ಹುಡುಗರು ಹೇಳಿದರೆ ತೋಟದವರು ಕೇಳುವುದಿಲ್ಲ, "ಆಡ್ಲಿಕ್ಕೆ ಹೊಯ್ಗೆ ಬೇಕಲ್ಲ ನಿಮಗೆ" ಅಂತಾರೆ. ಹಾಗಾಗಿ ಈ ಸಲ ಅಡಿಕೆ ಕೊಯ್ಲಿನ ಗಡಿಬಿಡಿಗೆ ಮೊದಲೇ ಹೊಳೆಬದಿಯ ತೋಟದವರನ್ನು ನಮ್ಮ ಮನೆ ಅಂಗಳಕ್ಕೆ ಕರೆದಿದ್ದೇನೆ, ಅಜ್ಜನಿಗೂ ಬರಲು ಹೇಳಿದ್ದೇನೆ.