ವಸ್ತಿ ಬಸ್ಸಿನ ಲೆಕ್ಕ

ಗದಗ ಭಾಗದ ಒಂದು ಬಸ್ ಡಿಪೋದಲ್ಲಿ ಶೆಡ್ಯೂಲ್ ಹಾಕುವುದು ನನ್ನ ಕೆಲಸವಾಗಿತ್ತು. ಖರ್ಚು ಇಳಿಸಿ ಅಂತ ಮೇಲಿನಿಂದ ಪತ್ರ ಬಂದಾಗಲೆಲ್ಲ ಎಲ್ಲರ ಕಣ್ಣು ಗಳಿಕೆ ಕಡಿಮೆ ಇರುವ ಟ್ರಿಪ್ ಮೇಲೆ ಬೀಳುತ್ತಿತ್ತು. ಕಿಲೋಮೀಟರಿಗೆ ಬರುವ ಗಳಿಕೆ ಖರ್ಚಿಗಿಂತ ಕಡಿಮೆಯಾ? ಹಾಗಾದರೆ ರದ್ದು.

ನನಗೆ ಆ ಲೆಕ್ಕ ಒಪ್ಪಿಗೆ ಆಗುತ್ತಿರಲಿಲ್ಲ. ಒಂದು ಟ್ರಿಪ್ ನಿಲ್ಲಿಸಿದರೆ ಉಳಿಯುವುದು ಡೀಸೆಲ್, ಒಂದಿಷ್ಟು ಟೈರ್ ಸವೆತ. ಡ್ರೈವರ್, ಕಂಡಕ್ಟರ್ ಪಗಾರ ಕೊಡಲೇಬೇಕು. ಗಾಡಿ ಸಾಲದ ಬಡ್ಡಿಯೂ ಅಷ್ಟೇ. ಅದಕ್ಕೇ ನಾನು ನೋಡುತ್ತಿದ್ದದ್ದು, ಕಲೆಕ್ಷನ್ ಆ ಟ್ರಿಪ್ಪಿನ ಡೀಸೆಲ್ಲಿಗಿಂತ ಜಾಸ್ತಿ ಇದೆಯಾ ಅಂತ. ಇದ್ದರೆ, ಆ ಹೊತ್ತಿಗೆ ಅದೇ ಗಾಡಿಗೆ ಬೇರೆ ಒಳ್ಳೆ ರೂಟ್ ಸಿಗುವ ತನಕ ಓಡಲಿ.

ನಿಜವಾದ ಸೋರಿಕೆ ಖಾಲಿ ಓಟದಲ್ಲಿತ್ತು. ಡಿಪೋದಿಂದ ಸುಮಾರು 25 ಕಿ.ಮೀ. ದೂರದ ಒಂದು ಹಳ್ಳಿಗೆ ಸಂಜೆ ಬಸ್ ತುಂಬಿ ಹೋಗಿ ಖಾಲಿ ಬರುತ್ತಿತ್ತು. ಬೆಳಗ್ಗೆ ಖಾಲಿ ಹೋಗಿ ತುಂಬಿ ಬರುತ್ತಿತ್ತು. ದಿನಕ್ಕೆ 50 ಕಿ.ಮೀ. ಸುಮ್ನೆ. ಲೀಟರಿಗೆ 5 ಕಿ.ಮೀ. ಅಂತ ಹಿಡಿದರೂ ದಿನಕ್ಕೆ 10 ಲೀಟರ್, ವರ್ಷಕ್ಕೆ 3,650 ಲೀಟರ್ ಡೀಸೆಲ್! ಅದನ್ನು ವಸ್ತಿ ಬಸ್ ಮಾಡೋಣ, ಅಂದರೆ ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಗ್ಗೆ ಅಲ್ಲಿಂದಲೇ ಹೊರಡಲಿ ಅಂದೆ.

ಕಾಗದದ ಮೇಲೆ ಸುಲಭ. ಆದರೆ ರಾತ್ರಿ ಸಿಬ್ಬಂದಿ ಎಲ್ಲಿ ಮಲಗಬೇಕು? ಕಂಡಕ್ಟರ್ ಒಬ್ಬರು ನೇರವಾಗಿ ಕೇಳಿದರು, “ಸಾಹೇಬ್ರ, ಡೀಸೆಲ್ ಉಳಿಸ್ರಿ, ಬ್ಯಾಡ ಅನ್ನಂಗಿಲ್ಲ. ಮುಂಜಾನೆ ಸಂಡಾಸಕ್ಕ ಎಲ್ಲಿ ಹೋಗೂಣ್ರಿ?” ಪ್ರಶ್ನೆ ಸರಿಯಾಗಿಯೇ ಇತ್ತು. ಪಂಚಾಯಿತಿಯವರು ನೀರು, ಶೌಚಾಲಯ ಇರುವ ಕೋಣೆ ಬಿಟ್ಟುಕೊಟ್ಟ ಮೇಲೆಯೇ ವಸ್ತಿ ಶುರು ಮಾಡಿದೆವು. ಆಗ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961ರ ಪ್ರಕಾರ ಕೆಲಸದ ಮಿತಿ ಸಾಮಾನ್ಯವಾಗಿ ದಿನಕ್ಕೆ 8 ತಾಸು ಇತ್ತು. ಹಾಗಾಗಿ ಮಧ್ಯಾಹ್ನ ಡ್ಯೂಟಿ ಹತ್ತಿದವರು ಮರುದಿನ ಬೆಳಗಿನ ಟ್ರಿಪ್ ಮುಗಿಸಿ ಇಳಿಯುವಂತೆ ಕೂರಿಸಿದೆ. ವಸ್ತಿ ಭತ್ಯೆ ಕೊಟ್ಟರೂ ಲಾಭವೇ.

ಟಿಕೆಟ್ ದರ ಮಾತ್ರ ನಮ್ಮ ಕೈಯಲ್ಲಿಲ್ಲ. ರಸ್ತೆ ಸಾರಿಗೆ ನಿಗಮಗಳ ಕಾಯ್ದೆ, 1950 ‘ವ್ಯಾಪಾರದ ತತ್ವದ ಮೇಲೆ ನಡೆಸಿ’ ಅನ್ನುತ್ತದೆ. ದರ ಏರಿಸಲು ಮಾತ್ರ ಸರ್ಕಾರದ ಒಪ್ಪಿಗೆ ಬೇಕು. 2020ರ ಫೆಬ್ರವರಿಯಲ್ಲಿ ಏರಿದ ದರ ಮತ್ತೆ ಏರಿದ್ದು 2025ರ ಜನವರಿಯಲ್ಲಿ. ನಡುವೆ ಡೀಸೆಲ್ ಎಲ್ಲಿಗೆ ಹೋಯಿತು, ಗೊತ್ತೇ ಇದೆಯಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಬಸ್ಸಿಗೆ ಜನ ಜಾಸ್ತಿಯಾದರು. ಹೆಣ್ಣುಮಕ್ಕಳ ಶೂನ್ಯ ಟಿಕೆಟ್ಟಿನ ಹಣ ಸರ್ಕಾರದಿಂದ ಬರಬೇಕಾದ್ದು. ಅದನ್ನೂ ಕಂಡಕ್ಟರ್ ತಂದು ಕಟ್ಟುವ ನಗದನ್ನೂ ನಾನು ಬೇರೆ ಬೇರೆ ಕಾಲಮ್ಮಿನಲ್ಲೇ ಬರೆಯುತ್ತಿದ್ದೆ. ಕೂಡಿಸಿ ನೋಡಿದರೆ ಕೈಗೆ ಬಾರದ ದುಡ್ಡೂ ಗಳಿಕೆಯಂತೆ ಕಾಣುತ್ತದೆ.

ಆಮೇಲೆ ಅದೇ ಹಳ್ಳಿಯವರು ಬೆಳಗ್ಗೆ ಇನ್ನೊಂದು ಬಸ್ ಕೇಳಿದರು. ಮಧ್ಯಾಹ್ನ ಹನ್ನೆರಡಕ್ಕೆ ಡಿಪೋದಲ್ಲಿ ಗಾಡಿ ನಿಂತಿರುತ್ತವೆ, ಬೆಳಗ್ಗೆ ಎಂಟಕ್ಕೆ ಒಂದೂ ಇರುವುದಿಲ್ಲ. ಆ ಒಂದು ಹೊತ್ತಿಗಾಗಿ ಹೊಸ ಗಾಡಿ ಕೇಳುವುದು ಭಾರಿ ಖರ್ಚು. ಕಾಲೇಜಿನವರ ಹತ್ತಿರ ಮಾತಾಡಿ ಮೊದಲ ಪಿರಿಯಡ್ ಒಂದು ತಾಸು ಮುಂದಕ್ಕೆ ಹಾಕಿಸಿದೆವು. ಶಾಲೆ ಮಕ್ಕಳನ್ನು ಇಳಿಸಿದ ಗಾಡಿಯೇ ತಿರುಗಿ ಹೋಗಿ ಕಾಲೇಜು ಹುಡುಗರನ್ನು ತರತೊಡಗಿತು.